ಫೋಟೋ ನೋಡಿ ಹೇಳಿ ಅಂತ ಮಾತ್ರ ಕೇಳಬೇಡಿ

ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿಯುವ ಹೊತ್ತಿಗೆ ನನ್ನ ಫೋನಿಗೆ ಫೋಟೋಗಳು ಬರಲು ಶುರುವಾಗುತ್ತವೆ. ಹಾಸಿಗೆ ಮೇಲೆ ಹರಡಿಟ್ಟ, ಸಮುದ್ರದಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗಿನ ಸಾಮಾನು: ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್, ಗಾಳಿ ತುಂಬಿಸಿ ತೇಲುವ ಜಾಕೆಟ್ ಅಂದರೆ ಬಿಸಿಡಿ, ಕಾಲಿಗೆ ಹಾಕುವ ಫಿನ್ಸ್, ಆಳ-ಹೊತ್ತು ತೋರಿಸುವ ಕೈಗಡಿಯಾರದಂಥ ಡೈವ್ ಕಂಪ್ಯೂಟರ್. ಕೆಳಗೆ ಎರಡೇ ಸಾಲು: "ಈಗಷ್ಟೇ ಸ್ಕೂಬಾ ಕೋರ್ಸ್ ಮುಗಿಸಿದ್ದೀನಿ. ಇದು ಸೆಕೆಂಡ್ ಹ್ಯಾಂಡ್, ತಗೋಬಹುದಾ? ಹೊಸದರ ಥರಾನೇ ಇದೆ, ಬರೀ ನಾಲ್ಕು ಸಲ ಬಳಸಿದ್ದಂತೆ."

ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಮಾರುವವನಿಗೂ ಗೊತ್ತಿಲ್ಲ. ನೀರಲ್ಲಿ ಮಲಗಿರೋ ಎಮ್ಮೆಗೆ ದಡದ ಮೇಲೆ ನಿಂತು ಬೆಲೆ ಕಟ್ಟಿದ ಹಾಗಾಗುತ್ತದೆ ಇದು. ಹಾಗಂತ ಹೇಳಿದರೆ ಜನಕ್ಕೆ ಬೇಜಾರು. "ಸುಮ್ನೆ ಒಂದ್ಸಲ ನೋಡಿ ಹೇಳಿ, ನಿಮಗೆ ಅನುಭವ ಇದೆ ಅಲ್ವಾ" ಅನ್ನುತ್ತಾರೆ. ಅನುಭವ ಇದೆ. ಅದಕ್ಕೇ ಫೋಟೋ ನೋಡಿ ಹೇಳುವುದಿಲ್ಲ.

ಒಂದು ಸಲ ಹೇಳಿದ್ದೆ. ಫೋಟೋ ಕೂಡ ಅಲ್ಲ, ಕೈಯಲ್ಲೇ ಹಿಡಿದು ನೋಡಿ ಹೇಳಿದ್ದೆ.

ಕೆಲವು ವರ್ಷಗಳ ಹಿಂದಿನ ಜನವರಿ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಟ ಬೋಟು. ತೀರದಿಂದ ಸುಮಾರು 19 ಕಿಲೋಮೀಟರ್. ಹಿಂದೆ ಶಿವನ ಮೂರ್ತಿ ಸಣ್ಣದಾಗುತ್ತಾ ಹೋಗುತ್ತದೆ, ಮುಂದೆ ದ್ವೀಪದ ಬಂಡೆ ದೊಡ್ಡದಾಗುತ್ತಾ ಬರುತ್ತದೆ. ಬೆಂಗಳೂರಿನ ಒಬ್ಬ ಹುಡುಗ ಸ್ವಂತ ರೆಗ್ಯುಲೇಟರ್ ತಂದಿದ್ದ. ಅಂಡಮಾನಿನಲ್ಲಿ ಕೋರ್ಸ್ ಮಾಡಿದ್ದ, ಅದಾದ ಮೇಲೆ ಎರಡು ಡೈವ್. ವಿದೇಶದಿಂದ ವಾಪಸ್ ಬಂದ ಯಾರೋ ಮಾರಿದ್ದಂತೆ. ಒಂಬತ್ತು ವರ್ಷದ ಹಿಂದೆ ಕೊಂಡದ್ದು, ನಾಲ್ಕೇ ಸಲ ನೀರಿಗಿಳಿದದ್ದು. ಒಂದು ಗೀರೂ ಇಲ್ಲ. ಕ್ರೋಮ್ ಫಳಫಳ ಹೊಳೆಯುತ್ತಿತ್ತು. ಹುಡುಗನ ಮುಖವೂ ಹೊಳೆಯುತ್ತಿತ್ತು. "ಹೇಗಿದೆ?" ಅಂದ. ಸಿಲಿಂಡರಿಗೆ ಜೋಡಿಸಿ ಎರಡು ಸಲ ಉಸಿರು ಎಳೆದೆ. ಗಾಳಿ ಚೆನ್ನಾಗಿ ಬಂತು. "ಚೆನ್ನಾಗಿದೆ" ಅಂದೆ.

14 ಮೀಟರ್ ಆಳದಲ್ಲಿ ಬರಾಕುಡಾ ಮೀನುಗಳ ಹಿಂಡು ತೋರಿಸಲು ತಿರುಗಿದೆ. ಅವನು ಮೀನು ನೋಡುತ್ತಿರಲಿಲ್ಲ. ಮಾಸ್ಕ್ ಒಳಗೆ ಕಣ್ಣು ಅಗಲವಾಗಿತ್ತು, ಅಂಗೈ ಅಡ್ಡಡ್ಡ ಆಡಿಸುತ್ತಿದ್ದ. ಏನೋ ತೊಂದರೆ ಅನ್ನುವ ಸನ್ನೆ ಅದು. ಪ್ರತಿ ಉಸಿರಿಗೂ ಗಾಳಿಯ ಜೊತೆ ಉಪ್ಪು ನೀರು ಗಂಟಲಿಗೆ ಹೋಗುತ್ತಿತ್ತು. ಕೆಮ್ಮುತ್ತಿದ್ದ. ಆಮೇಲೆ ಮೇಲಕ್ಕೆ ನೋಡಿದ. ನನಗೆ ಭಯವಾದದ್ದು ಆ ನೋಟಕ್ಕೆ. ಅಷ್ಟು ಆಳದಲ್ಲಿ ಒತ್ತಡ ಮೇಲಿಗಿಂತ 2.4 ಪಟ್ಟು. ಗಾಬರಿಯಲ್ಲಿ ಉಸಿರು ಕಟ್ಟಿ ಮೇಲಕ್ಕೆ ಚಿಮ್ಮಿದರೆ ಎದೆಯೊಳಗಿನ ಗಾಳಿ ಅಷ್ಟೇ ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿದುಹೋಗಬಹುದು. ಅವನ ಬಿಸಿಡಿ ಪಟ್ಟಿ ಗಟ್ಟಿಯಾಗಿ ಹಿಡಿದೆ. ನನ್ನ ಆಕ್ಟೋಪಸ್, ಅಂದರೆ ಪಕ್ಕದಲ್ಲಿ ನೇತಾಡುವ ಹೆಚ್ಚುವರಿ ಮೌತ್‌ಪೀಸ್, ಅವನ ಬಾಯಿಗೆ ಕೊಟ್ಟೆ. ಮೂರು ಉಸಿರು, ನಾಲ್ಕು ಉಸಿರು. ಕಣ್ಣು ಸ್ವಲ್ಪ ಸಣ್ಣದಾಯಿತು. ನಿಧಾನವಾಗಿ ಏರಿದೆವು. ಸುರಕ್ಷತೆಗೆ ಅಂತ 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಅಷ್ಟೂ ಹೊತ್ತು ಅವನ ಕೈ ನನ್ನ ಕೈಯಲ್ಲಿ ನಡುಗುತ್ತಲೇ ಇತ್ತು.

ಬೋಟಿನ ಮೇಲೆ ಕೂತು ಅವನು ಒಂದು ಮಾತು ಹೇಳಿದ. "ಇಳಿದಾಗಿಂದಲೇ ಸ್ವಲ್ಪ ನೀರು ಬರ್ತಿತ್ತು. ಹಾಗೇ ಇರುತ್ತೇನೋ ಅಂದುಕೊಂಡೆ."

ಹೊಸಬರ ವಿಷಯದಲ್ಲಿ ನಾನು ಇಷ್ಟು ಹಠ ಹಿಡಿಯುವುದಕ್ಕೆ ಈ ಮಾತೇ ಕಾರಣ. ಇನ್ನೂರು ಡೈವ್ ಮಾಡಿದವನಿಗೆ ಉಸಿರು ಒಂದು ಚೂರು ಬಿಗಿಯಾದರೂ, ಒಂದು ಹನಿ ಒಳಗೆ ಬಂದರೂ ಗೊತ್ತಾಗುತ್ತದೆ. ಆರು ಡೈವ್ ಮಾಡಿದವನಿಗೆ ಸರಿ ಇರುವುದು ಹೇಗಿರುತ್ತದೆ ಅಂತಲೇ ಇನ್ನೂ ಗೊತ್ತಿರುವುದಿಲ್ಲ. ಕೆಟ್ಟದ್ದನ್ನೂ ಸಹಿಸಿಕೊಂಡು ಕೆಳಗೆ ಹೋಗುತ್ತಾನೆ.

ಆ ರೆಗ್ಯುಲೇಟರನ್ನು ಮನೆಗೆ ತಂದು ಬಿಚ್ಚಿದೆ. ಬಾಯಿಗೆ ಕಚ್ಚಿಕೊಳ್ಳುವ ಭಾಗವನ್ನು ಸೆಕೆಂಡ್ ಸ್ಟೇಜ್ ಅನ್ನುತ್ತಾರೆ. ಅದರ ತಳದಲ್ಲಿ ಬಿಟ್ಟ ಉಸಿರು ಹೊರಹೋಗಲು ಒಂದು ಕವಾಟ, ನಾಣ್ಯದಷ್ಟು ಅಗಲದ ತೆಳು ಸಿಲಿಕೋನ್ ಬಿಲ್ಲೆ. ಅದರ ಒಂದು ಅಂಚು ಕಪಾಟಿನಲ್ಲಿ ಬಿದ್ದು ಬಿದ್ದು ಹಪ್ಪಳದ ಅಂಚಿನ ಹಾಗೆ ಮುರುಟಿತ್ತು. ಮುಚ್ಚಿಕೊಳ್ಳುತ್ತಿರಲಿಲ್ಲ. ಅಷ್ಟೇ. ಆ ಬಿಲ್ಲೆ ಬದಲಿಸಲು ಐದು ನಿಮಿಷ ಸಾಕು. ಅದನ್ನು ಪತ್ತೆ ಹಚ್ಚಲು ಐದು ಸೆಕೆಂಡೂ ಬೇಡ: ಗಾಳಿ ಮುಚ್ಚಿರುವಾಗ ಮೌತ್‌ಪೀಸ್ ಬಾಯಿಗಿಟ್ಟು ಉಸಿರು ಎಳೆಯಬೇಕು. ಏನೂ ಬರಬಾರದು. ಗಾಳಿ ಬಂದರೆ ನೀರೂ ಬರುತ್ತದೆ. ಬೋಟಿನಲ್ಲಿ ನಾನು ಗಾಳಿ ತೆರೆದು ಎಳೆದೆ, ಮುಚ್ಚಿ ಎಳೆಯಲಿಲ್ಲ. ಹೊಳಪು ನೋಡಿ ಚೆನ್ನಾಗಿದೆ ಅಂದೆ.

ಸಿಲಿಂಡರಿಗೆ ಕೂರುವ ಫಸ್ಟ್ ಸ್ಟೇಜ್ ಅನ್ನೂ ಬಿಚ್ಚಿದೆ. ಗಾಳಿ ಒಳಬರುವ ಬಾಯಲ್ಲಿ ಸಣ್ಣ ಲೋಹದ ಫಿಲ್ಟರ್ ಇರುತ್ತದೆ, ಸ್ವಚ್ಛವಾಗಿರಬೇಕು. ಹಳೇ ತಾಮ್ರದ ಚೊಂಬಿನ ಕಿಲುಬಿನ ಹಾಗೆ ಹಸಿರಾಗಿತ್ತು. ಅಂದರೆ ಒಳಗೆ ಉಪ್ಪು ನೀರು ಹೋಗಿ ಕೂತಿದೆ. ಬಿಚ್ಚುವ ಮುಂಚೆ ಒತ್ತಡ ಅಳೆಯುವ ಗೇಜ್ ಹಾಕಿಯೂ ನೋಡಿದ್ದೆ. ಫಸ್ಟ್ ಸ್ಟೇಜ್ ಕೆಲಸ ಏನು ಗೊತ್ತಾ? ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ, ಕಾರಿನ ಟೈರಿನ ಸುಮಾರು 90 ಪಟ್ಟು. ಅದನ್ನು ಹತ್ತರ ಆಸುಪಾಸಿಗೆ ಇಳಿಸಿ ಅಲ್ಲೇ ತಡೆದು ನಿಲ್ಲಿಸಬೇಕು. ಗೇಜಿನ ಮುಳ್ಳು ನಿಲ್ಲಲಿಲ್ಲ. ಒಂಬತ್ತೂವರೆ, ಹತ್ತು, ಹನ್ನೊಂದು, ಹನ್ನೆರಡು, ಹಾಗೇ ತೆವಳುತ್ತಾ ಏರಿತು. ಒಳಗೆ ಗಾಳಿ ತಡೆಯುವ ಸೀಟ್ ಅನ್ನುವ ಭಾಗ ಹಾಳಾಗಿದೆ ಅಂತ ಅದರ ಅರ್ಥ. ಅವತ್ತು ನೀರು ಬರದೇ ಇದ್ದರೆ ಇನ್ನೊಂದು ದಿನ ಗಾಳಿ ತಾನಾಗಿ ಭುಸ್ಸೆಂದು ಹರಿದು ಸಿಲಿಂಡರ್ ಖಾಲಿಯಾಗುತ್ತಿತ್ತು.

ಈಗ ಹೇಳಿ, ಇದರಲ್ಲಿ ಯಾವುದು ಫೋಟೋದಲ್ಲಿ ಕಾಣುತ್ತದೆ?

"ನಾಲ್ಕೇ ಸಲ ಬಳಸಿದ್ದು" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಹೊಗಳಿಕೆಯ ಹಾಗೆ ಹೇಳುತ್ತಾರೆ. ನಾನೂರು ಸಲ ಬಳಸಿ ವರ್ಷ ವರ್ಷ ಸರ್ವಿಸ್ ಮಾಡಿಸಿದ್ದನ್ನು ಕಣ್ಣು ಮುಚ್ಚಿ ಬಾಯಿಗಿಡುತ್ತೇನೆ. ನಾಲ್ಕು ಸಲ ಬಳಸಿ ಒಂಬತ್ತು ವರ್ಷ ಕಪಾಟಿನಲ್ಲಿ ಇಟ್ಟದ್ದನ್ನು ಇಡುವುದಿಲ್ಲ. ರಬ್ಬರ್, ಸೋರಿಕೆ ತಡೆಯುವ ಓ-ರಿಂಗ್ ಉಂಗುರ, ಗಾಳಿಯ ಕೊಳವೆ ಅಂದರೆ ಹೋಸ್ ಎಲ್ಲ ಸುಮ್ನೆ ಬಿದ್ದಿದ್ದರೂ ಹಳೆಯದಾಗುತ್ತವೆ. ಒಮ್ಮೆ ಒಂದು ಸೆಕೆಂಡ್ ಸ್ಟೇಜ್ ಮುಚ್ಚಳ ತೆಗೆದರೆ ಒಳಗೆ ಜಿರಲೆ ಮೊಟ್ಟೆ ಇಟ್ಟಿತ್ತು. ಅದೂ ಬರೀ ನಾಲ್ಕು ಸಲ ಬಳಸಿದ್ದೇ.

ಇನ್ನು ಕೆಲವರು, "ನಿಮಗೆ ಅಂಗಡಿಯವರು ಕಮಿಷನ್ ಕೊಡ್ತಾರಾ, ಹೊಸದೇ ತಗೊಳ್ಳಿ ಅಂತೀರಲ್ಲ" ಅಂತ ಕೇಳಿದ್ದೂ ಇದೆ. ನಾನು ಏನನ್ನೂ ಮಾರುವುದಿಲ್ಲ. ರೆಗ್ಯುಲೇಟರ್ ಹೊಸದೇ ತಗೊಳ್ಳಿ ಅಂತ ಯಾವತ್ತೂ ಹೇಳಿಲ್ಲ. ನನ್ನ ಸ್ವಂತ ರೆಗ್ಯುಲೇಟರ್ ಸೆಕೆಂಡ್ ಹ್ಯಾಂಡ್. ಪುದುಚೇರಿಯ ಒಬ್ಬ ಹಿರಿಯ ಡೈವರ್ ಕೈಯಿಂದ ಕೊಂಡದ್ದು. ಅದರ ಜೊತೆ ಅವರು ಒಂದು ಸಣ್ಣ ನೋಟ್‌ಬುಕ್ ಕೊಟ್ಟರು. ಯಾವ ತಿಂಗಳು ಯಾವ ಓ-ರಿಂಗ್ ಬದಲಿಸಿದೆ, ಗೇಜ್ ಎಷ್ಟು ತೋರಿಸಿತು, ಎಲ್ಲ ಪೆನ್ಸಿಲಿನಲ್ಲಿ ಬರೆದಿತ್ತು. ನಾನು ದುಡ್ಡು ಕೊಟ್ಟದ್ದು ಆ ನೋಟ್‌ಬುಕ್‌ಗೆ. ನಮ್ಮ ಕರಾವಳಿಯಲ್ಲಿ ಹಳೇ ಬೋಟ್ ಇಂಜಿನ್ ಕೊಳ್ಳಲು ಹೋಗುವಾಗ ಮೆಕ್ಯಾನಿಕ್ ಇಲ್ಲದೆ ಯಾರಾದರೂ ಹೋಗುತ್ತಾರಾ? ಇಂಜಿನ್ ನಿಂತರೆ ಇನ್ನೊಂದು ಬೋಟು ಬಂದು ಎಳೆದುಕೊಂಡು ಹೋಗುತ್ತದೆ. ಉಸಿರು ನಿಂತರೆ?

ಆದ್ದರಿಂದ ಲೆಕ್ಕ ಹೀಗೆ ಹಾಕಿ. ಹಳೇ ರೆಗ್ಯುಲೇಟರಿನ ಬೆಲೆ ಅಂದರೆ ಮಾರುವವನು ಹೇಳಿದ್ದು ಅಲ್ಲ. ಅದಕ್ಕೆ ಪೂರ್ತಿ ಸರ್ವಿಸ್ ಕೂಡಿಸಿ. ಹೋಸ್‌ಗಳನ್ನು ಲೋಹದ ಬುಡದ ಹತ್ತಿರ ಬಗ್ಗಿಸಿ ನೋಡಿ, ಬಿರುಕು ಕಂಡರೆ ಅದನ್ನೂ ಕೂಡಿಸಿ. ಆ ಕಂಪನಿಯ ಬಿಡಿಭಾಗ ನಮ್ಮ ದೇಶದಲ್ಲಿ ಸಿಗುತ್ತದಾ, ಬಿಚ್ಚಲು ತರಬೇತಿ ಆದವರು ಇದ್ದಾರಾ ವಿಚಾರಿಸಿ. ಜರ್ಮನಿಯಿಂದ ವಾಪಸ್ ಬರುವ ನಮ್ಮವರು ತರುವುದು ಹೆಚ್ಚಾಗಿ ಡಿನ್ ಅನ್ನುವ, ತಿರುಪಿನಿಂದ ಕೂರುವ ಬಗೆ. ಇಲ್ಲಿನ ಬೋಟುಗಳಲ್ಲಿ ಹೆಚ್ಚಾಗಿ ಇರುವುದು ಯೋಕ್, ಕ್ಲಾಂಪಿನ ಹಾಗೆ ಹಿಡಿದು ಬಿಗಿಯುವ ಬಗೆ. ಅದಕ್ಕೆ ಅಡಾಪ್ಟರ್ ಬೇಕಾಗಬಹುದು. ಎಲ್ಲ ಕೂಡಿಸಿದ ಮೇಲೂ ಅಗ್ಗ ಅನ್ನಿಸಿದರೆ ಖಂಡಿತ ತಗೊಳ್ಳಿ. ನನ್ನ ವಿರೋಧ ಏನೂ ಇಲ್ಲ.

ಬೇರೆ ಸಾಮಾನುಗಳದ್ದು ಇಷ್ಟು ತಲೆನೋವಿಲ್ಲ. ಸೊಂಟಕ್ಕೆ ಕಟ್ಟುವ ಸೀಸದ ತೂಕ ಎಷ್ಟು ಹಳೆಯದಾದರೂ ಸೀಸವೇ. ಫಿನ್ಸ್ ಕಾಲಿಗೆ ಸರಿಯಾದರೆ ಸಾಕು. ನೀರಿನಲ್ಲಿ ಮೈ ಬೆಚ್ಚಗಿಡುವ ವೆಟ್‌ಸೂಟ್ ಹಳೆಯದಾದಷ್ಟೂ ತೆಳುವಾಗುತ್ತದೆ, ಆದರೆ ನಮ್ಮ ಸಮುದ್ರ ಬೆಚ್ಚಗಿದೆ, 3 ಮಿಲಿಮೀಟರ್ ದಪ್ಪದ್ದು ಧಾರಾಳ. ಕಂಪ್ಯೂಟರಿನ ಬ್ಯಾಟರಿ ಮುಚ್ಚಳ ತೆಗೆಸಿ ನೋಡಿ, ಬಿಳಿಯದೋ ಹಸಿರೋ ಪುಡಿ ಕಂಡರೆ ಬೇಡ. ಸಿಲಿಂಡರ್ ಬೇಡವೇ ಬೇಡ. ಅದನ್ನು ಬೋಟಿನವರೇ ಕೊಡುತ್ತಾರೆ, ತುಂಬಿದ್ದನ್ನು ವಿಮಾನದಲ್ಲಿ ಒಯ್ಯಲೂ ಆಗುವುದಿಲ್ಲ. ಅಮೆರಿಕದಲ್ಲಿ 1970-80ರ ದಶಕಗಳಲ್ಲಿ 6351 ಅನ್ನುವ ಮಿಶ್ರಲೋಹದಿಂದ ಮಾಡಿದ ಅಲ್ಯೂಮಿನಿಯಂ ಸಿಲಿಂಡರುಗಳ ಕತ್ತಿನಲ್ಲಿ ಬಿರುಕು ಬಂದು ಕೆಲವು ಸಿಡಿದದ್ದೂ ಇದೆ. ಆ ಗೋಜು ನಮಗೆ ಯಾಕೆ?

ಬಿಸಿಡಿ ಮಾತ್ರ ಹುಷಾರು. ಬಿಗಿಯಾಗುವಷ್ಟು ಊದಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಾಗೇ ಇರಬೇಕು. ಗಾಳಿ ತುಂಬುವ ಗುಂಡಿಯನ್ನು ಇಪ್ಪತ್ತು ಸಲ ಒತ್ತಿ. ಒತ್ತಿದಷ್ಟೂ ಸಲ ಟಕ್ ಅಂತ ಹಿಂದಕ್ಕೆ ಬರಬೇಕು. ಉಪ್ಪು ಕಟ್ಟಿ ಒಂದು ಸಲ ಸಿಕ್ಕಿಕೊಂಡರೂ ಸಾಕು, ನೀರೊಳಗೆ ಅದು ತಾನಾಗಿ ಊದಿಕೊಂಡು ಬಲೂನಿನ ಹಾಗೆ ನಿಮ್ಮನ್ನು ಮೇಲಕ್ಕೆ ಎಳೆಯುತ್ತದೆ.

ಹೊಸಬರು ಮೊದಲು ಕೊಳ್ಳಬೇಕಾದ್ದು ಒಂದೇ, ಮಾಸ್ಕ್. ಅದನ್ನು ಹೊಸದೇ ಕೊಳ್ಳಿ, ಯಾಕೆಂದರೆ ಮುಖ ನಿಮ್ಮದು. ಪಟ್ಟಿ ಹಾಕದೆ ಮುಖಕ್ಕೆ ಇಟ್ಟು ಮೂಗಿನಿಂದ ಉಸಿರು ಎಳೆದರೆ ಅಂಟಿ ನಿಲ್ಲಬೇಕು. ವರ್ಷಕ್ಕೆ ಎರಡು ಸಲ ನೇತ್ರಾಣಿಗೆ ಬರುವವರಿಗೆ ಬೇರೆ ಏನೂ ಬೇಡ, ಉಳಿದದ್ದು ಬಾಡಿಗೆಗೆ ಸಿಗುತ್ತದೆ, ಹೆಚ್ಚಾಗಿ ಡೈವಿನ ದರದಲ್ಲೇ ಸೇರಿರುತ್ತದೆ.

ಇಷ್ಟು ವರ್ಷದಲ್ಲಿ ಫೋಟೋ ಕಳಿಸಿದವರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. "ಇದನ್ನು ತೊಳೆಯೋದು ಹೇಗೆ?" ಅದನ್ನು ಕೇಳಲಿ ಅಂತ ನಾನು ಕಾಯುತ್ತಿರುತ್ತೇನೆ. ಉತ್ತರವನ್ನು ಇಲ್ಲೇ ಬರೆದುಬಿಡುತ್ತೇನೆ.

ಸಿಲಿಂಡರಿನಿಂದ ಬಿಚ್ಚಿದ ಕೂಡಲೇ ಡಸ್ಟ್ ಕ್ಯಾಪ್ ಒರೆಸಿ, ಪೂರ್ತಿ ಒಣಗಿದೆ ಅಂತ ಬೆರಳಿಟ್ಟು ನೋಡಿ, ಆಮೇಲೆ ಫಸ್ಟ್ ಸ್ಟೇಜಿನ ಬಾಯಿಗೆ ಬಿಗಿಯಾಗಿ ಮುಚ್ಚಿ. ಒದ್ದೆ ಕ್ಯಾಪ್ ಮುಚ್ಚಿದರೆ ಆ ನೀರು ನೇರ ಫಿಲ್ಟರಿಗೇ ಹೋಗುತ್ತದೆ. ಆ ಹುಡುಗನ ರೆಗ್ಯುಲೇಟರಿನ ಹಸಿರು ಹಾಗೇ ಬಂದಿರಬೇಕು. ಸಿಹಿನೀರಿನ ಬಕೆಟಿನಲ್ಲಿ ಅರ್ಧ ಗಂಟೆ ನೆನೆಸಿಡಿ. ನಲ್ಲಿ ಕೆಳಗೆ ಒಂದು ಸಲ ಹಿಡಿದರೆ ಉಪ್ಪು ಕರಗುವುದಿಲ್ಲ. ನೀರಿನಲ್ಲಿರುವಾಗ ಸೆಕೆಂಡ್ ಸ್ಟೇಜಿನ ನಡುವಿನ ಪರ್ಜ್ ಗುಂಡಿ ಒತ್ತಲೇಬೇಡಿ. ಒತ್ತಿದರೆ ಕವಾಟ ತೆರೆದು ನೀರು ಹೋಸ್ ಒಳಗೆ ಏರುತ್ತದೆ. ಬಿಸಿಡಿ ಒಳಗೂ ಸಿಹಿನೀರು ಹಾಕಿ, ಅಲುಗಾಡಿಸಿ, ತಲೆಕೆಳಗೆ ಮಾಡಿ ಬಸಿಯಿರಿ. ಆ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಉಪ್ಪಾಗಿದ್ದರೆ ಇನ್ನೊಂದು ಸಲ. ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿ. ಹೋಸ್ ಮಡಚಬೇಡಿ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡೆ ಗೋಡೆಗೂ ಬೂಸ್ಟು ಬರುತ್ತದೆ, ಬ್ಯಾಗಿನಲ್ಲಿ ತುರುಕಿಟ್ಟ ಬಿಸಿಡಿಗೆ ಬರದೆ ಇರುತ್ತದಾ? ತಿಂಗಳಿಗೊಮ್ಮೆ ಹೊರಗೆ ತೆಗೆದು ಅರ್ಧ ಊದಿ ನೇತುಹಾಕಿ.

ಆ ಹುಡುಗ ಈಗಲೂ ಬರುತ್ತಾನೆ. ಅದೇ ರೆಗ್ಯುಲೇಟರ್. ಸೀಟ್, ಫಿಲ್ಟರ್, ಓ-ರಿಂಗ್, ಬಿಲ್ಲೆ, ಹೋಸ್ ಎಲ್ಲ ಹೊಸದು. ಖರ್ಚು ಕೊಂಡ ಬೆಲೆಯ ಅರ್ಧಕ್ಕೂ ಜಾಸ್ತಿ ಆಯಿತು, ಕೊಟ್ಟ. ಬೋಟು ಹತ್ತಿದ ಮೇಲೆ ಮೊದಲು ಗಾಳಿ ಮುಚ್ಚಿ ಉಸಿರು ಎಳೆದು ನೋಡುತ್ತಾನೆ. ಆಮೇಲೆ ನನ್ನ ಕೈಗೂ ಕೊಡುತ್ತಾನೆ. ನಾನೂ ಎಳೆದು ನೋಡುತ್ತೇನೆ.

ಅಕ್ಟೋಬರಿನಿಂದ ನಾನು ಮುರುಡೇಶ್ವರದಲ್ಲೇ ಇರುತ್ತೇನೆ. ಫೋಟೋ ಬೇಡ, ಸಾಮಾನು ತನ್ನಿ. ನೋಟ್‌ಬುಕ್ ಇದ್ದರೆ ಅದನ್ನೂ ತನ್ನಿ.