ದಂಡ ಕಟ್ಟಿ ನಗುವವರು

ನಮ್ಮ ಮನೆ ಇರುವುದು ಬಾರ್‌ಗಳ ಬೀದಿಯಲ್ಲಿ. ರಾತ್ರಿಯೆಲ್ಲ ಕೂಗಾಟ, ಬೆಳಗ್ಗೆ ಗೇಟಿನ ಮುಂದೆ ಒಡೆದ ಬಾಟಲಿ, ವಾಂತಿ. ಬಕೆಟ್ ಹಿಡಿದು ತೊಳೆಯುವವಳು ನಾನು. ಗಲಾಟೆ ಮಾಡಿದವನು ದಂಡ ಕಟ್ಟಿ ನಗುತ್ತಾ ಹೋಗುತ್ತಾನೆ.

ಸುಮ್ನೆ ದಂಡ ಜಾಸ್ತಿ ಮಾಡಿದರೆ ಸಾಲದು. ಅಮಲಿನಲ್ಲಿ ಯಾರು ಲೆಕ್ಕ ಹಾಕುತ್ತಾರೆ? ಸಿಕ್ಕಿಬೀಳುವುದು ಖಂಡಿತ, ಶಿಕ್ಷೆ ತಕ್ಷಣ ಅಂತ ಗೊತ್ತಿರಬೇಕು. ಅಮೆರಿಕದ ಸೌತ್ ಡಕೋಟಾದಲ್ಲಿ 2005ರಲ್ಲಿ ಇಂಥದ್ದೊಂದು ಏರ್ಪಾಡು ಶುರುವಾಯಿತು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು ದಿನಕ್ಕೆ 2 ಸಲ ಬಂದು ಉಸಿರು ಪರೀಕ್ಷೆ ಕೊಡಬೇಕು. ಕುಡಿದಿದ್ದರೆ ಆಗಲೇ ಒಂದೆರಡು ದಿನ ಜೈಲು.

ನನ್ನ ಕೈಲಿದ್ದರೆ, ಗಲಾಟೆ ಮಾಡಿದವನು ಮೂರು ತಿಂಗಳು ನಮ್ಮ ಬೀದಿಗೇ ಕಾಲಿಡದ ಹಾಗೆ ಮಾಡುತ್ತಿದ್ದೆ. ಗೆಳೆಯರೆಲ್ಲ ಒಳಗೆ, ಇವನೊಬ್ಬ ಹೊರಗೆ! ಜೊತೆಗೆ ಭಾನುವಾರ ಬೆಳಗ್ಗೆ ಕೈಗೆ ಪೊರಕೆ. ತೂರಾಡುವವನಿಗೆ ಮತ್ತೆ ಸುರಿದು ಕೊಡುವ ಬಾರ್‌ನವರನ್ನೂ ಬಿಡಬಾರದು, ಲೈಸೆನ್ಸಿಗೇ ಕೈ ಹಾಕಬೇಕು.