ಹಡಗಿಗೆ ಮುಂಚಿನ ರಾತ್ರಿ ಎಲ್ಲಿ ತಂಗಬೇಕು?

ಮೇ 11, 2025, ಭಾನುವಾರ
ಲೀಡ್ಸ್

ಮೇ 24ರ ಶನಿವಾರ ಬೆಳಿಗ್ಗೆ ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕಾಲೇಗೆ ಹೊರಡುವ ಹಡಗಿನಲ್ಲಿ ಕಾರಿಗೂ ಅದರ ಹಿಂದೆ ಎಳೆದೊಯ್ಯುವ ಗಾಲಿಮನೆ ಕ್ಯಾರವಾನ್‌ಗೂ ಜಾಗ ಕಾಯ್ದಿರಿಸಿದ್ದಾಗಿದೆ. ಹಿಂದಿನ ರಾತ್ರಿ ಎಲ್ಲಿ ತಂಗುವುದೆಂಬುದೊಂದೇ ಇನ್ನೂ ತೀರ್ಮಾನವಾಗಿರಲಿಲ್ಲ. ಟಿಕೆಟನ್ನು ಶುಕ್ರವಾರ ಸಂಜೆಗೆ ಬದಲಿಸಿ, ಕಡಲು ದಾಟಿ ಫ್ರಾನ್ಸಿನಲ್ಲೇ ಮಲಗಿದರೆ ನಿಶ್ಚಿಂತೆ ಎಂಬುದು ನಮ್ಮವರ ವಾದ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಸುಮಾರು ಒಂದೂವರೆ ಗಂಟೆಯ ಕಡಲ ಪಯಣವನ್ನು ನಂಬಬಹುದು. ಅದಕ್ಕೆ ಮುಂಚಿನ 430 ಕಿಲೋಮೀಟರ್ ರಸ್ತೆಯನ್ನು, ಅದರಲ್ಲೂ ಬ್ಯಾಂಕ್ ರಜೆ ಮತ್ತು ಶಾಲೆಯ ರಜೆ ಒಟ್ಟಿಗೆ ಬಂದಿರುವ ವಾರಾಂತ್ಯದಲ್ಲಿ, ನಂಬುವುದು ಹೇಗೆ? ಕ್ಯಾರವಾನ್ ಎಳೆಯುವ ಕಾರು ಇಲ್ಲಿನ ಮೋಟಾರ್‌ವೇಯಲ್ಲಿ ಗಂಟೆಗೆ 60 ಮೈಲಿ ಮೀರುವಂತಿಲ್ಲ, ಮೂರು ಲೇನ್‌ಗಳಿರುವೆಡೆ ಬಲತುದಿಯ ಲೇನ್‌ಗೆ ಹೋಗುವಂತಿಲ್ಲ. ಡಾರ್ಟ್‌ಫರ್ಡ್‌ನಲ್ಲಿ ದಕ್ಷಿಣಕ್ಕೆ ಹೋಗುವವರು ಥೇಮ್ಸ್ ನದಿಯನ್ನು ಎತ್ತರದ ಸೇತುವೆಯ ಮೇಲೆ ದಾಟಬೇಕು. ಗಾಳಿ ಜೋರಾದರೆ ಅದನ್ನು ಮುಚ್ಚುವುದೂ ಉಂಟು. ಆದ್ದರಿಂದ ತಂಗುವುದಾದರೆ ಹಡಗು ಹತ್ತುವ ದಡದಲ್ಲೇ ತಂಗಬೇಕು.

ನಕ್ಷೆ ಹರಡಿಕೊಂಡು ನೋಡಿದಾಗ ಫೋಕ್‌ಸ್ಟನ್ ಬಳಿಯ ಡೆನ್ಸೋಲ್‌ನಲ್ಲಿರುವ ಬ್ಲ್ಯಾಕ್ ಹಾರ್ಸ್ ಫಾರ್ಮ್ ಎಂಬ, ಕ್ಯಾರವಾನ್‌ಗಳು ತಂಗುವ ತಾಣ ಸರಿಯೆನಿಸಿತು. ಅದು ಎ260 ರಸ್ತೆಯಲ್ಲಿದೆ, ಮತ್ತು ಆ ರಸ್ತೆ ಡೋವರ್‌ಗೆ ಹೋಗುವ ಎರಡು ಹೆದ್ದಾರಿಗಳ (ಒಂದು ಎಂ20–ಎ20, ಇನ್ನೊಂದು ಎಂ2–ಎ2) ನಡುವೆ ಸೇತುವಿನಂತಿದೆ. ಬಂದರಿನಲ್ಲಿ ದಟ್ಟಣೆಯಾದರೆ ಎಂ20ರಲ್ಲಿ ‘ಆಪರೇಷನ್ ಬ್ರಾಕ್’ ಎಂದು ಲಾರಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅಂಥ ಸುದ್ದಿ ಬಂದರೆ ನಾವು ಎಂ2, ಎ2 ಹಿಡಿದು ಕ್ಯಾಂಟರ್‌ಬರಿಯ ಕಡೆಯಿಂದ ಬಂದು ಅದೇ ತಾಣ ಸೇರಬಹುದು. ಬೆಳಿಗ್ಗೆ ಬಂದರಿಗೆ ಇಳಿಯುವಾಗಲೂ ಎ20 ಕಟ್ಟಿಕೊಂಡಿದ್ದರೆ ಎ2ಕ್ಕೆ ಹಿಂತಿರುಗಿ ಜುಬಿಲಿ ವೇ ಮೂಲಕ ಪೂರ್ವದ ಹಡಗುಕಟ್ಟೆಗೆ ನೇರವಾಗಿ ಇಳಿಯಬಹುದು. ಕಡಲು ಕಾಣುವ ಚೆಂದದ ತಾಣಗಳು ಬೇರೆ ಇವೆ, ಆದರೆ ಒಂದು ರಾತ್ರಿಗೆ ನನಗೆ ಬೇಕಿರುವುದು ನೋಟವಲ್ಲ, ಎರಡನೆಯ ದಾರಿ. ಕಾರನ್ನು ಕ್ಯಾರವಾನ್‌ನಿಂದ ಬಿಡಿಸದೆ ನಿಲ್ಲಿಸುವಷ್ಟು ಉದ್ದದ, ಗಟ್ಟಿನೆಲದ ಜಾಗ ಕೊಡಿರೆಂದು ಕೇಳಬೇಕು. ನಸುಕಿನಲ್ಲಿ ಕೊಂಡಿ ಹಾಕುವ ಸದ್ದಿಗೆ ಅಕ್ಕಪಕ್ಕದವರು ಏಳುವುದು ಬೇಡ.

ಹಡಗಿನ ದರ ವಾಹನದ ಉದ್ದ ಮತ್ತು ಎತ್ತರದ ಮೇಲೆ ನಿಂತಿರುತ್ತದೆ. ಕ್ಯಾರವಾನ್‌ನ ಒಳಗಿನ ಉದ್ದವನ್ನಲ್ಲ, ಮುಂದಿನ ಕೊಂಡಿಯ ತುದಿಯವರೆಗಿನ ಪೂರ್ತಿ ಉದ್ದವನ್ನು ಕೊಡಬೇಕು. ಕಡಲಿನ ಮೇಲಿರುವಷ್ಟು ಹೊತ್ತು ಗ್ಯಾಸ್ ಸಿಲಿಂಡರ್ ಬಂದ್ ಆಗಿರಬೇಕು, ನಾವು ವಾಹನ ಬಿಟ್ಟು ಮೇಲಿನ ಅಂತಸ್ತಿಗೆ ಹೋಗಬೇಕು.

ಫ್ರಾನ್ಸಿನ ಪೊಲೀಸರು ಪಾಸ್‌ಪೋರ್ಟ್ ನೋಡುವುದು ಡೋವರ್‌ನಲ್ಲೇ. ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ 2003ರ ಲೆ ಟುಕೆ ಒಪ್ಪಂದದಿಂದ ಬಂದ ಏರ್ಪಾಡು ಅದು. ಭಾರತದ ಪಾಸ್‌ಪೋರ್ಟ್ ಇರುವ ಅತ್ತೆಯವರಿಗೆ ಷೆಂಗೆನ್ ವೀಸಾ ಬಂದಿದೆ, ಆ ಚಿಂತೆಯಿಲ್ಲ. ಅವರ ಚಿಂತೆಯೆಲ್ಲ ಅಡುಗೆಯದು. ಬ್ರಿಟನ್ನಿನಿಂದ ಯುರೋಪಿನ ಒಕ್ಕೂಟಕ್ಕೆ 2021ರಿಂದ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಒಯ್ಯುವಂತಿಲ್ಲ, ಹಾಗಾಗಿ ಮೊಸರೂ ಇಲ್ಲ, ಮನೆಯಲ್ಲಿ ಕಾಯಿಸಿದ ತುಪ್ಪವೂ ಇಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕಂತೆ, ತೆಂಗಿನಕಾಯಿಗೆ ಬೇಡವಂತೆ! ಶುಕ್ರವಾರ ರಾತ್ರಿ ಡೆನ್ಸೋಲ್‌ನಲ್ಲಿ ಮೊಸರನ್ನ ಮಾಡಿ ಎಲ್ಲವನ್ನೂ ಖಾಲಿ ಮಾಡುವುದೆಂದು ಅತ್ತೆಯವರೇ ತೀರ್ಪು ಕೊಟ್ಟಿದ್ದಾರೆ. ಇಂಗ್ಲೆಂಡಿನ ದಡದಲ್ಲಿ ತಂಗುವುದರ ಪರವಾಗಿ ನಾನು ಯೋಚಿಸಿರದ ಇನ್ನೊಂದು ಕಾರಣ ಅದು.

ಹಿಂದಿರುಗುವಾಗ ಇದೇ ಲೆಕ್ಕ ತಿರುಗುಮುರುಗು: ಕಾಲೇಗೆ ಸಮೀಪದ ಗೀನ್‌ನಲ್ಲಿರುವ ಲಾ ಬಿಯೆನ್ ಅಸೀಸ್ ತಾಣದಲ್ಲಿ ಕೊನೆಯ ರಾತ್ರಿ. ಕಾಲುಬಾಯಿ ರೋಗದ ಭೀತಿಯಿಂದ ಬ್ರಿಟನ್ ಕಳೆದ ತಿಂಗಳು, ಏಪ್ರಿಲ್ 12ರಿಂದ, ಆಚೆಯ ಚೀಸ್ ಬೆಣ್ಣೆಗಳನ್ನೂ ನಿಷೇಧಿಸಿರುವುದರಿಂದ ಕೊಂಡದ್ದನ್ನು ಅಲ್ಲೇ ತಿಂದು ಮುಗಿಸಬೇಕು. ಫ್ರಾನ್ಸಿನ ಹಲವು ತಾಣಗಳಲ್ಲಿ ವಿದ್ಯುತ್ ಸಂಪರ್ಕ 6 ಆಂಪಿಯರ್ ಮಾತ್ರ, ಎಂದರೆ 1,380 ವ್ಯಾಟ್ ಮೀರಿದರೆ ಫ್ಯೂಸ್ ಹಾರುತ್ತದೆ. ಅನ್ನದ ಕುಕ್ಕರ್ ನಡೆದೀತು, ಮಿಕ್ಸಿಯೂ ನಡೆದೀತು, ನಮ್ಮ 2,200 ವ್ಯಾಟ್‌ನ ಕೆಟಲ್ ಖಂಡಿತ ನಡೆಯದು. ಗೀನ್‌ನಲ್ಲಿ ಎಷ್ಟು ಆಂಪಿಯರ್ ಎಂದು ನಾಳೆ ಫೋನ್ ಮಾಡಿ ಕೇಳಿ, ಎರಡೂ ತಾಣಗಳಿಗೆ ಹಣ ಕಟ್ಟಬೇಕು.