ಹೊಳೆಯ ಎಲೆ ಆಡಿಯೊ: ಸೋರುತ್ತಿದ್ದ ಜಾಗ ಕೊನೆಗೂ ಸಿಕ್ಕಿತು

ಆಕ್ಟ್ (ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ, ಕಾಡುವ ಯೋಚನೆಗಳ ಜೊತೆ ಹೊಡೆದಾಡದೆ ಮುಖ್ಯ ಅನ್ನಿಸಿದ್ದನ್ನು ಮಾಡಲು ಕಲಿಸುವ ಮನೋಚಿಕಿತ್ಸೆ) ಕಿಟ್‌ನ ಉಳಿದ ಸಾಮಾನೆಲ್ಲ ಒಂದು ಹಂತಕ್ಕೆ ಬಂದಿದೆ. ಮ್ಯಾಟ್ರಿಕ್ಸ್ ಅನ್ನುವ ನಾಲ್ಕು ಮನೆಯ ಚಿತ್ರಕ್ಕೆ ವೈಟ್‌ಬೋರ್ಡು ಆಯ್ತು, ಕಷ್ಟದ ಭಾವನೆಯನ್ನೇ ರಾಕ್ಷಸ ಅಂದುಕೊಂಡು ಅದರ ಜೊತೆ ಆಡುವ ಹಗ್ಗಜಗ್ಗಾಟಕ್ಕೆ ಎರಡು ಮೀಟರ್ ಹತ್ತಿ ಹಗ್ಗ ಆಯ್ತು (ನೈಲಾನ್ ಬೇಡ, ಅಂಗೈ ಉರಿಯುತ್ತೆ). ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿದ್ದು ಒಂದೇ, ಹೊಳೆಯ ಮೇಲೆ ಎಲೆ ತೇಲುವ ಅಭ್ಯಾಸದ (ಬಂದ ಯೋಚನೆಯನ್ನೆಲ್ಲ ತೇಲುವ ಎಲೆಯ ಮೇಲೆ ಇಟ್ಟಂತೆ ಕಲ್ಪಿಸಿಕೊಂಡು ದಡದಿಂದ ನೋಡುವುದು) ಕನ್ನಡ ಆಡಿಯೊ. ಈ ವಾರ ಅದರ ಗಂಟು ಬಿಚ್ಚಿತು. ಹಾಗಾಗಿ ಈ ಸಲದ ಟಿಪ್ಪಣಿ ಬಹುಪಾಲು ಅದರ ಬಗ್ಗೆಯೇ.

ತೊಂದರೆ ಏನೆಂದರೆ ಆಡಿಯೊ ಚೆನ್ನಾಗಿತ್ತು, ಬೇಕಾದ್ದಕ್ಕಿಂತ ಚೆನ್ನಾಗಿತ್ತು. ಮನೆಗೆ ಕೊಟ್ಟು ಕಳಿಸಿದರೆ ಮೊದಲ ವಾರ ಬರುವ ಮಾತು: "ಮೇಡಂ, ಅದು ಹಾಕ್ಕೊಂಡ್ರೆ ಐದೇ ನಿಮಿಷಕ್ಕೆ ನಿದ್ದೆ." ಮೂರನೇ ವಾರದ ಮಾತು: "ಈಗ ಅದು ಕೆಲಸ ಮಾಡ್ತಿಲ್ಲ, ಬೇರೆ ಏನಾದ್ರೂ ಕೊಡಿ." ಎರಡೂ ಒಂದೇ ಕಾಯಿಲೆ. ಯೋಚನೆಯನ್ನು ಯೋಚನೆ ಅಂತ ದೂರದಿಂದ ನೋಡೋದಕ್ಕೆ ಕೊಟ್ಟ ಅಭ್ಯಾಸ, ಆತಂಕ ಇಳಿಸೋ ಮಾತ್ರೆಯಾಗಿ ನುಂಗಲ್ಪಡುತ್ತಿದೆ. ಇಳಿದ ದಿನ "ಸೂಪರ್", ಇಳಿಯದ ದಿನ "ವೇಸ್ಟ್". ಇಳಿಸಬೇಕು ಅಂತ ಹೊರಟ ದಿನವೇ ಅದು ಏರೋದು. 1987ರಲ್ಲಿ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಬಿಳಿ ಕರಡಿಯನ್ನು ನೆನೆಸಬೇಡಿ ಅಂತ ಹೇಳಿ ತೋರಿಸಿದ್ದೂ ಇದನ್ನೇ. ಕರಡಿಯ ಜಾಗದಲ್ಲಿ ನಮ್ಮ ಕ್ಲೈಂಟ್‌ಗಳಿಗೆ ಅತ್ತೆ, ಇಎಂಐ, ಬಾಸ್.

ಮೊದಲ ಅನುಮಾನ ನೀರಿನ ಶಬ್ದದ ಮೇಲೆ. ಹಿನ್ನೆಲೆಗೆ ಜುಳುಜುಳು ಹಾಕಿದರೆ ಕೇಳುವವರ ಮೈ ಸ್ಪಾ ಅಂತಲೇ ಓದಿಕೊಳ್ಳುತ್ತೆ. ಕೊಳಲಿನ ತುಣುಕು ಹಾಕಿದರಂತೂ ಕಥೆ ಮುಗಿಯಿತು, ಅದು ಯೋಗ ಕ್ಲಾಸಿನ ಕೊನೆಯ ಹತ್ತು ನಿಮಿಷ. ಎರಡನ್ನೂ ಕಿತ್ತು ಬರೀ ಧ್ವನಿ ಇಟ್ಟದ್ದಾಯಿತು. ಆಗ ಇನ್ನೊಂದು ಕಾಟ ಶುರು. ಫ್ಯಾನಿನ ಗುಂಯ್ ತೆಗೆಯಲು ನಾಯ್ಸ್ ಗೇಟ್ (ಮಾತು ನಿಂತಾಗ ಸಣ್ಣ ಸದ್ದನ್ನೆಲ್ಲ ಕತ್ತರಿಸುವ ಫಿಲ್ಟರ್) ಹಾಕಿದರೆ ಮಾತಿನ ನಡುವಿನ ವಿರಾಮಗಳು ಪೂರ್ತಿ ಸತ್ತುಹೋಗುತ್ತವೆ. ಇಯರ್‌ಫೋನ್‌ನಲ್ಲಿ ಇಪ್ಪತ್ತು ಸೆಕೆಂಡ್ ಏನೂ ಕೇಳಿಸದಿದ್ದರೆ ಯಾರಿಗಾದರೂ ಫೋನ್ ಹ್ಯಾಂಗ್ ಆಯ್ತು ಅನ್ನಿಸುತ್ತೆ. ಕಣ್ಣು ಬಿಟ್ಟು ಸ್ಕ್ರೀನ್ ನೋಡುತ್ತಾರೆ, ವಾಟ್ಸಾಪ್ ಕಾಣುತ್ತೆ, ಹೊಳೆ ಮುಗಿಯಿತು. ಪರಿಹಾರ ಸುಲಭ. ರೆಕಾರ್ಡಿಂಗ್ ಮಾಡುವ ಕೋಣೆಯಲ್ಲೇ, ಮೈಕು ಕದಲಿಸದೆ, ಯಾರೂ ಮಾತಾಡದೆ ಒಂದು ನಿಮಿಷ ಕೋಣೆಯ ಸದ್ದು ಹಿಡಿದಿಟ್ಟುಕೊಳ್ಳಿ. ಆಡಾಸಿಟಿಯಲ್ಲಿ (ಆಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರ್) ಅದನ್ನು ಎರಡನೇ ಟ್ರ್ಯಾಕ್ ಮಾಡಿ ಇಡೀ ಉದ್ದಕ್ಕೂ ಹಾಸಿ. ಗೇಟ್ ಬೇಡ, ಗುಂಯ್ ಜಾಸ್ತಿ ಇದ್ದರೆ ನಾಯ್ಸ್ ರಿಡಕ್ಷನ್ ಹಗುರವಾಗಿ ಸಾಕು. ಎಂಪಿ3, ಮೋನೊ, 64 ಕೆಬಿಪಿಎಸ್‌ಗೆ ಇಳಿಸಿದರೆ ಏಳು ನಿಮಿಷದ ಕಡತ ಮೂರೂವರೆ ಎಂಬಿ ಒಳಗೇ ನಿಲ್ಲುತ್ತದೆ, ಹಳ್ಳಿ ನೆಟ್‌ವರ್ಕಿನಲ್ಲೂ ಇಳಿಯುತ್ತದೆ.

ವಿರಾಮಗಳ ಲೆಕ್ಕ ಬರೆದಿಡುತ್ತೇನೆ, ಬೇಕಾದವರು ಬಳಸಿ. ಕೂರುವ, ಉಸಿರು ಗಮನಿಸುವ ಭಾಗದಲ್ಲಿ ವಾಕ್ಯಕ್ಕೊಂದು 5 ಸೆಕೆಂಡ್. ಹೊಳೆಯನ್ನು ಕಲ್ಪಿಸಿಕೊಳ್ಳಲು 10. ಮೊದಲ ಎಲೆಯ ಮೇಲೆ ಯೋಚನೆ ಇಟ್ಟ ಮೇಲೆ 15. ಅತಿ ಉದ್ದದ ಮೌನ, 30 ಸೆಕೆಂಡು, "ಹೊಳೆ ಮರೆತುಹೋಗಿ ಯೋಚನೆಯ ಹಿಂದೆ ಹೋಗಿಬಿಟ್ಟಿದ್ದರೆ, ಹೋಗಿದ್ದೆ ಅಂತ ಗಮನಿಸಿ, ದಡಕ್ಕೆ ಬನ್ನಿ" ಎನ್ನುವುದಕ್ಕೆ ಸ್ವಲ್ಪ ಮುಂಚೆ ಬರಬೇಕು. ನಂತರ ಇಟ್ಟರೆ ಪ್ರಯೋಜನ ಕಡಿಮೆ. ಮನಸ್ಸು ಅಲೆಯಲು ಸಮಯ ಕೊಟ್ಟು, ಅಲೆದಾಡುತ್ತಿರುವಾಗಲೇ ಹೆಗಲು ತಟ್ಟಬೇಕು. ಸಿಕ್ಕಿಕೊಂಡದ್ದು ಗೊತ್ತಾಗುವ ಆ ಕ್ಷಣವೇ ಅಭ್ಯಾಸದ ತಿರುಳು. ಎಲೆ, ನೀರು, ಮರ ಎಲ್ಲ ಬರೀ ಸೆಟ್ಟಿಂಗು.

ನೀರು ತೆಗೆದರೂ, ವಿರಾಮ ಸರಿಮಾಡಿದರೂ ದೂರು ನಿಲ್ಲಲಿಲ್ಲ. ನಿದ್ದೆಯವರು ಕಡಿಮೆಯಾದರು, "ಕೆಲಸ ಮಾಡ್ತಿಲ್ಲ" ಅನ್ನುವವರು ಹಾಗೇ ಉಳಿದರು. ಆಮೇಲೆ ಕೈ ಹಾಕಿದ್ದು ಸ್ಕ್ರಿಪ್ಟಿಗೆ. ಅಲ್ಲಿ ಮೂರು ಕಡೆ ಸೋರಿಕೆ ಇತ್ತು.

ಒಂದು, ಯಾವ ಯೋಚನೆ ಎಲೆಗೆ ಏರಬೇಕು ಎಂಬುದು. "ಕಾಡುವ ಯೋಚನೆಗಳನ್ನು ಎಲೆಯ ಮೇಲೆ ಇಡಿ" ಅಂದರೆ ಹೊಳೆ ಕಸದ ಗಾಡಿಯಾಗುತ್ತದೆ. ಒಳ್ಳೆಯದು, ಕೆಟ್ಟದ್ದು, ಸಪ್ಪೆಯದು ಎಲ್ಲವೂ ಏರಬೇಕು. ಮಗಳ ಮದುವೆಯ ಖುಷಿಯೂ ಏರಬೇಕು, ಗ್ಯಾಸ್ ಆಫ್ ಮಾಡಿದ್ನಾ ಅನ್ನೋದೂ ಏರಬೇಕು. "ಇದೆಂಥ ಹುಚ್ಚಾಟ" ಅನ್ನೋದಂತೂ ಖಂಡಿತ ಏರಬೇಕು. "ನನಗೆ ಯಾವ ಯೋಚನೆಯೂ ಬರ್ತಿಲ್ಲ" ಎಂಬುದೂ ಒಂದು ಯೋಚನೆ, ಅದಕ್ಕೂ ಒಂದು ಎಲೆ.

ಎರಡು, ಎಲೆಯ ವೇಗ. ಕ್ಲೈಂಟ್‌ಗಳು ಹೊಳೆಗೆ ಮೋಟಾರ್ ಹಾಕುತ್ತಾರೆ. ಬೇಡದ ಎಲೆ ಬೇಗ ಹೋಗಲಿ ಅಂತ ನೀರಿನ ಹರಿವು ಜಾಸ್ತಿ ಮಾಡಿಕೊಳ್ಳುತ್ತಾರೆ, ಕೋಲು ತಗೊಂಡು ತಳ್ಳುತ್ತಾರೆ. ಹಾಗಾಗಿ ಈಗ ಸ್ಕ್ರಿಪ್ಟಿನಲ್ಲೇ ಒಂದು ಎಲೆ ಕಲ್ಲಿಗೆ ಸಿಕ್ಕಿ ನಿಲ್ಲುತ್ತದೆ. "ನಿಂತಿದೆ. ನಿಲ್ಲಲಿ. ತಳ್ಳಬೇಡಿ. ಅದು ಇದ್ದಂತೆಯೇ ಉಳಿದ ಎಲೆಗಳನ್ನೂ ನೋಡಿ." 20 ಸೆಕೆಂಡ್ ಮೌನ. ಆಮೇಲೂ ಅದು ಹೋಯಿತು ಅಂತ ಹೇಳುವುದೇ ಇಲ್ಲ. ಕೇಳಿದವರಲ್ಲಿ ಕೆಲವರಿಗೆ ಇದು ಕಿರಿಕಿರಿ ಮಾಡುತ್ತದೆ, ಕತೆ ಅರ್ಧಕ್ಕೆ ನಿಂತ ಹಾಗೆ. ಆ ಕಿರಿಕಿರಿಯೇ ಮುಂದಿನ ಸೆಷನ್ನಿನ ಸರಕು.

ಮೂರು, ಮುಗಿಸುವ ಸಾಲು. "ಈಗ ಮನಸ್ಸು ಹಗುರವಾಗಿದೆ" ಎಂದು ಮುಗಿಸಿದರೆ, ಹಗುರವಾಗದವರು ತಾವು ಫೇಲ್ ಅಂದುಕೊಳ್ಳುತ್ತಾರೆ. ಅದನ್ನು ಕತ್ತರಿಸಿ, "ಕಣ್ಣು ತೆರೆದ ಮೇಲಿನ ಹತ್ತು ನಿಮಿಷದಲ್ಲಿ, ನಿಮಗೆ ಮುಖ್ಯ ಅನ್ನಿಸಿದ ಒಂದು ಸಣ್ಣ ಕೆಲಸ ಯಾವುದು? ಯೋಚನೆಗಳು ಜೊತೆಗೇ ಬರಲಿ, ಅದನ್ನು ಮಾಡಿ" ಅಂತ ಇಟ್ಟಿದೆ.

ಇಷ್ಟಾದರೂ ಪೂರ್ತಿ ಸರಿಹೋಗದೆ ತಲೆ ಕೆಟ್ಟಿತ್ತು. ನಿಜವಾದ ತೂತು ಸಿಕ್ಕಿದ್ದು ಆಡಿಯೊ ಜೊತೆ ಕೊಡುವ ಹೋಂವರ್ಕ್ ಹಾಳೆಯಲ್ಲಿ. ಹಳೇ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಫಾರಂನಿಂದ ಹಾಗೇ ಎತ್ತಿದ ಎರಡು ಕಾಲಂ: "ಅಭ್ಯಾಸಕ್ಕೆ ಮುಂಚೆ ಆತಂಕ 0–10", "ಅಭ್ಯಾಸದ ನಂತರ ಆತಂಕ 0–10". ಆಡಿಯೊ ಏಳು ನಿಮಿಷ "ಇಳಿಸಬೇಡಿ" ಅನ್ನುತ್ತೆ, ಹಾಳೆ "ಎಷ್ಟು ಇಳೀತು?" ಅಂತ ಕೇಳುತ್ತೆ. ಯಾರ ಮಾತು ನಡೆಯುತ್ತೆ? ಮಾರ್ಕ್ಸ್ ಕೇಳುವವರ ಮಾತೇ ನಡೆಯೋದು. ಹತ್ತನೇ ಕ್ಲಾಸು ದಾಟಿದ ಯಾವ ಕನ್ನಡಿಗನಿಗೂ ಇದನ್ನು ವಿವರಿಸಬೇಕಿಲ್ಲ.

ಹೊಸ ಹಾಳೆಯಲ್ಲಿ ಮೂರೇ ಕಾಲಂ. ಯಾವ ಯೋಚನೆ ಎಳೆದುಕೊಂಡು ಹೋಯಿತು. ಎಳೆದುಕೊಂಡು ಹೋದದ್ದು ಯಾವುದರಿಂದ ಗೊತ್ತಾಯಿತು (ಕೈ ಬಿಗಿ, ಹೊಳೆ ಮಾಯ, ಧ್ವನಿ ಕೇಳಿಸಲೇ ಇಲ್ಲ, ಇತ್ಯಾದಿ). ನಂತರದ ಹತ್ತು ನಿಮಿಷದಲ್ಲಿ ಏನು ಮಾಡಿದಿರಿ. ಅಂಕಿ ಬೇಕೇ ಬೇಕು ಅನ್ನುವ ಮೇಲ್ವಿಚಾರಕರಿದ್ದರೆ, ಆತಂಕದ ಬದಲು ಸಿದ್ಧತೆಯ ಅಂಕಿ ಕೇಳಿ: ಈ ಭಾವನೆಗೆ ಜಾಗ ಕೊಡಲು ಎಷ್ಟು ಸಿದ್ಧ, 0ಯಿಂದ 10. ಹಂತ ಹಂತದ ಅಳತೆಗೆ ಭಾವನೆಗಳಿಂದ ತಪ್ಪಿಸಿಕೊಳ್ಳುವ ರೂಢಿಯನ್ನು ಅಳೆಯುವ ಏಳು ಪ್ರಶ್ನೆಯ ಎಎಕ್ಯೂ-2 ಪ್ರಶ್ನಾವಳಿ ಇದ್ದೇ ಇದೆ, ಅದನ್ನು ವಾರವಾರ ಬಳಸಿ ಸವೆಸಬೇಡಿ. ಹಾಳೆ ಬದಲಾದ ಮೇಲೆ ಸೆಷನ್ನಿನ ಮೊದಲ ಮಾತೇ ಬೇರೆಯಾಗಿದೆ. "ಕೆಲಸ ಮಾಡ್ತಿಲ್ಲ" ಹೋಗಿ, "ಆಫೀಸಿನ ಯೋಚನೆ ನಾಲ್ಕು ಸಲ ಎಳ್ಕೊಂಡು ಹೋಯ್ತು, ಆಮೇಲೆ ತಂಗಿಗೆ ಫೋನ್ ಮಾಡ್ದೆ" ಎಂಬಂಥ ವರದಿಗಳು ಬರುತ್ತಿವೆ. ಇನ್ನೇನು ಬೇಕು.

ಸೆಷನ್ನಿನಲ್ಲಿ ಒಂದು ಪ್ರಶ್ನೆ ಮಾತ್ರ ಕೇಳಲೇಬಾರದು: "ಮಾಡಿದ ಮೇಲೆ ಹೇಗನ್ನಿಸ್ತು, ಆರಾಮಾ?" ನಾಲಿಗೆಯ ತುದಿಯಲ್ಲೇ ಇರುತ್ತದೆ, ಒಳ್ಳೆಯವರಾಗಿರೋದಕ್ಕೆ ಹೋಗಿ ಬಾಯಿಂದ ಬಂದುಬಿಡುತ್ತದೆ.

ಇದೇ ರೋಗ ಬೆರಳು ಬಲೆಗೂ (ಒಪ್ಪಿಕೊಳ್ಳುವುದನ್ನು ತೋರಿಸಲು ಬಳಸುವ ಹೆಣೆದ ಬಿದಿರಿನ ಕೊಳವೆ) ಇದೆ. ಎರಡು ತೋರುಬೆರಳು ತೂರಿಸಿ ಎಳೆದರೆ ಬಿಗಿ, ಒಳಕ್ಕೆ ತಳ್ಳಿದರೆ ಸಡಿಲ. ಕ್ಲೈಂಟ್ ಕಣ್ಣು ಮಿನುಗಿಸಿ, "ಓ, ಒಳಗೆ ತಳ್ಳಿದ್ರೆ ಬಿಟ್ಟುಹೋಗುತ್ತೆ!" ಅಂತ ಬೆರಳು ಹೊರತೆಗೆದು ಟೇಬಲ್ ಮೇಲೆ ಇಟ್ಟುಬಿಡುತ್ತಾರೆ. ಅಂದರೆ ಒಪ್ಪಿಕೊಳ್ಳುವುದೂ ತಪ್ಪಿಸಿಕೊಳ್ಳುವ ಹೊಸ ಟ್ರಿಕ್ಕು. ಅದಕ್ಕೇ ಬೆರಳು ಹೊರಬರಲು ಬಿಡಬೇಡಿ. ಸಡಿಲ ಸಿಕ್ಕ ಜಾಗದಲ್ಲೇ ನಿಲ್ಲಿಸಿ, ಬೆರಳು ಒಳಗಿರುವಾಗಲೇ ಲೋಟ ಎತ್ತಿ ನೀರು ಕುಡಿಯಲು ಹೇಳಿ, ಪುಸ್ತಕದ ಪುಟ ತಿರುಗಿಸಲು ಹೇಳಿ. ಕಷ್ಟಪಟ್ಟು, ನಗುತ್ತಾ, ನೀರು ಚೆಲ್ಲಿಕೊಂಡು ಮಾಡುತ್ತಾರೆ. ಮಾತು ಅಲ್ಲಿಂದ ಶುರುವಾಗಲಿ. ಪಕ್ಕದಲ್ಲಿ ಟಿಶ್ಯೂ ಇಟ್ಟಿರಿ, ಲೋಟದಲ್ಲಿ ಅರ್ಧವೇ ನೀರಿರಲಿ.

ಬಲೆ ಸಿಗುವುದೇ ಒಂದು ಗೋಳು. ಆನ್‌ಲೈನಿನಲ್ಲಿ "ಅಪ್ಪಟ ಬಿದಿರು" ಅಂತ ಬಂದದ್ದು ಬಣ್ಣದ ಕಾಗದದ ಪಟ್ಟಿ. ಎರಡು ಸಲ ಎಳೆದರೆ ಅಂಟು ಬಿಡುತ್ತದೆ. ಅಳತೆ ಬೇರೆ ಮಕ್ಕಳದ್ದು, ದೊಡ್ಡವರ ಬೆರಳು ಉಗುರಿನವರೆಗಷ್ಟೇ ಹೋಗುತ್ತದೆ. ಬೆವರಿದ ಕೈಗೆ ಗುಲಾಬಿ ಬಣ್ಣ ಹತ್ತುವುದು ಬೋನಸ್. ಬುಟ್ಟಿ ಹೆಣೆಯುವ ಮೇದಾರರ ಹತ್ತಿರ ಮಾಡಿಸುವುದೇ ವಾಸಿ, ಆದರೆ ಒಂದು ವಿಷಯ ಮೊದಲೇ ಹೇಳಬೇಕು: ಬುಟ್ಟಿಯ ಹಾಗೆ ಉದ್ದ ಅಡ್ಡ ನೇರ ಹೆಣೆದರೆ ಬಲೆ ಹಿಡಿಯುವುದಿಲ್ಲ. ಪಟ್ಟಿಗಳು ಕೊಳವೆಯ ಸುತ್ತ ಓರೆಯಾಗಿ, ಎದುರುಬದುರು ಸುತ್ತಿಕೊಂಡು ಹೋಗಬೇಕು. ಆಗ ಮಾತ್ರ ಎಳೆದಾಗ ಕೊಳವೆ ಉದ್ದವಾಗಿ ಒಳಗಿನ ಅಗಲ ಕುಗ್ಗುತ್ತದೆ. ಬೆರಳು ಎರಡನೇ ಗೆಣ್ಣಿನವರೆಗೆ ಒಳಹೋಗುವಷ್ಟು ಉದ್ದ, ಬೆರಳಿಗಿಂತ ಕೂದಲೆಳೆಯಷ್ಟು ಜಾಸ್ತಿ ಅಗಲ. ದಪ್ಪ ಬೆರಳಿಗೊಂದು, ಸಣ್ಣದಕ್ಕೊಂದು, ಎರಡು ಅಳತೆ ಇಟ್ಟುಕೊಳ್ಳಿ. ಸಿಬಿರು ಏಳದಂತೆ ಅಂಚು ಉಜ್ಜಿಸಿ.

ಹೊಳೆ ಎಲ್ಲರಿಗೂ ಹಿಡಿಸೋದಿಲ್ಲ. ಕಣ್ಣು ಮುಚ್ಚಿದರೆ ಚಿತ್ರವೇ ಬಾರದವರಿದ್ದಾರೆ, ನೀರಿನ ಭಯದವರಿದ್ದಾರೆ. ಆಘಾತದ ಇತಿಹಾಸ ಇರುವವರಿಗೆ ಕಣ್ಣು ಮುಚ್ಚಲು ಹೇಳಲೇಬೇಡಿ; ನೆಲದ ಮೇಲೆ ಒಂದು ಜಾಗ ನೋಡುತ್ತಾ, ಎರಡು ನಿಮಿಷ, ಸೆಷನ್ನಿನಲ್ಲೇ. ಒಸಿಡಿ (ಒಂದೇ ಯೋಚನೆ, ಒಂದೇ ಆಚರಣೆ ಮತ್ತೆ ಮತ್ತೆ ಕಾಡುವ ಗೀಳು ಕಾಯಿಲೆ) ಇದ್ದರೆ ಎಲೆ ಇಡುವುದೇ ಹೊಸ ಆಚರಣೆಯಾಗಿಬಿಡುವ ಅಪಾಯವಿದೆ: ಕೆಟ್ಟ ಯೋಚನೆ ಬಂತು, ತಕ್ಷಣ ಎಲೆ, ಮತ್ತೆ ಬಂತು, ಮತ್ತೆ ಎಲೆ. ಅದು ಕಂಡರೆ ಆಡಿಯೊ ವಾಪಸ್ ತಗೊಳ್ಳಿ. ಸಾಯುವ ಯೋಚನೆ ಹೇಳಿದವರಿಗೆ ಆಡಿಯೊ ಕಳಿಸಿ ಸುಮ್ಮನಾಗುವುದು ಬೇಡವೇ ಬೇಡ. ಮೊದಲು ಸುರಕ್ಷತೆಯ ಯೋಜನೆ, ಮನೆಯವರು, ಮನೋವೈದ್ಯರು, ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಇಲ್ಲಿಂದ ಮುಂದಿನ ಪ್ರಾಜೆಕ್ಟಿಗೆ ಜಾರುತ್ತೇನೆ, ತಡೆಯಲಾಗುತ್ತಿಲ್ಲ. ಹೊಳೆಯ ಬದಲು ಮೆಜೆಸ್ಟಿಕ್ ಬಸ್ ನಿಲ್ದಾಣ. ಬಸ್ಸುಗಳು ಬರುತ್ತವೆ, ಬೋರ್ಡಿನಲ್ಲಿ ಯೋಚನೆ ಬರೆದಿದೆ, ಕಂಡಕ್ಟರ್ ಕೂಗಿ ಕೂಗಿ ಕರೆಯುತ್ತಾನೆ, ನೀವು ಹತ್ತಬೇಕಿಲ್ಲ. ಹತ್ತಿಬಿಟ್ಟಿದ್ದು ಗೊತ್ತಾದರೆ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್. ಅದೇ ನಂಬರಿನ ಬಸ್ಸು ಮತ್ತೆ ಮತ್ತೆ ಬರುವುದು ಇಲ್ಲಿ ಸಹಜ, ಆದ್ದರಿಂದ "ಮತ್ತೆ ಬಂತಲ್ಲ" ಎಂಬ ಗಾಬರಿ ಹೊಳೆಗಿಂತ ಕಡಿಮೆ. ಕೇಳಲು ಸೊಗಸಾಗಿದೆ, ಆದರೆ ಆಕ್ಟ್‌ನ ಹಳೆಯ ಪ್ರಯಾಣಿಕರ ಬಸ್ಸಿಗೆ ನೇರ ಡಿಕ್ಕಿ. ಅಲ್ಲಿ ಕ್ಲೈಂಟೇ ಡ್ರೈವರ್, ಗಲಾಟೆ ಮಾಡುವ ಯೋಚನೆಗಳು ಒಳಗೆ ಕೂತ ಪ್ರಯಾಣಿಕರು, ಇಳಿಸುವ ಹಾಗಿಲ್ಲ. ಒಂದೇ ತಿಂಗಳಲ್ಲಿ ಎರಡನ್ನೂ ಕೊಟ್ಟರೆ, "ನಾನು ಹತ್ತಬೇಕಾ, ಓಡಿಸಬೇಕಾ?" ಎಂಬ ನ್ಯಾಯವಾದ ಪ್ರಶ್ನೆ ಬರುತ್ತದೆ. ಹಾಗಾಗಿ ನಿಲ್ದಾಣದ ಆವೃತ್ತಿಯನ್ನು ರೈಲ್ವೆ ಪ್ಲಾಟ್‌ಫಾರ್ಮಿಗೆ ಸಾಗಿಸುತ್ತಿದ್ದೇವೆ, ಬಸ್ಸು ಪ್ರಯಾಣಿಕರಿಗೇ ಮೀಸಲು. ಅನೌನ್ಸ್‌ಮೆಂಟ್ ಧ್ವನಿ ಸೇರಿಸುವ ಆಸೆ ಇದೆ. ನೀರಿನ ಪಾಠ ಕಲಿತ ಮೇಲೂ ಆಸೆ ಹೋಗೋದಿಲ್ಲ ನೋಡಿ.

ವಿಶ್ವ ಆರೋಗ್ಯ ಸಂಸ್ಥೆಯ ಸೆಲ್ಫ್ ಹೆಲ್ಪ್ ಪ್ಲಸ್ ಕೂಡ ಆಕ್ಟ್ ಮೇಲೇ ನಿಂತದ್ದು, ಮೊದಲೇ ರೆಕಾರ್ಡ್ ಮಾಡಿದ ಆಡಿಯೊವನ್ನು ದೊಡ್ಡ ಗುಂಪಿಗೆ ಕೇಳಿಸುವ ಐದು ಸೆಷನ್ನಿನ ವ್ಯವಸ್ಥೆ. ಉಗಾಂಡದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಮಹಿಳೆಯರ ಜೊತೆ ಅದರ ಪ್ರಯೋಗ ನಡೆದಿದೆ. ಸ್ವಸಹಾಯ ಸಂಘಗಳ ಸಭೆಗೆ ನಮ್ಮ ಆಡಿಯೊ ಒಯ್ಯಬೇಕಾದರೆ ಅದೇ ದಾರಿ ನೋಡಬೇಕು: ಸ್ಪೀಕರಿನಲ್ಲಿ ಕೇಳಿಸಿ, ಕಣ್ಣು ತೆರೆದೇ ಇರಲಿ, ಮಧ್ಯೆ ಮಾತಿಗೆ ಜಾಗ ಬಿಡಿ.

ಮೇಲೆ ಹೇಳಿದ ಪ್ರಯಾಣಿಕರ ಬಸ್ಸಿಗೆ ಬೇಕಾದ ಕಾರ್ಡುಗಳ ಕಡತ ಮುದ್ರಣಕ್ಕೆ ಸಿದ್ಧ. ಹಿಂದಿನ ಸಲ ಯೂನಿಕೋಡ್ ಕಡತವನ್ನು ಪ್ರೆಸ್ಸಿನವರು ತಮ್ಮ ಹಳೇ ಸಾಫ್ಟ್‌ವೇರಿನಲ್ಲಿ ತೆರೆದು, ಮೌಲ್ಯದ ಕಾರ್ಡುಗಳ (ಬದುಕಿನಲ್ಲಿ ಮುಖ್ಯ ಅನ್ನಿಸುವುದನ್ನು ಬರೆದ ಕಾರ್ಡುಗಳು) ಒತ್ತಕ್ಷರವನ್ನೆಲ್ಲ ಪಕ್ಕದ ಸಾಲಿಗೆ ಕಳಿಸಿದ್ದರು. "ಸ್ವಾತಂತ್ರ್ಯ" ಎಂಬ ಕಾರ್ಡು ಓದಲು ಪರಿಣತರೇ ಬೇಕಿತ್ತು. ಈ ಸಲ ಅಕ್ಷರಗಳನ್ನು ಔಟ್‌ಲೈನ್ ಮಾಡಿದ ಪಿಡಿಎಫ್ ಮಾತ್ರ ಹೋಗುತ್ತದೆ. 300 ಜಿಎಸ್‌ಎಂನ ದಪ್ಪ ಕಾಗದ, ಮ್ಯಾಟ್ ಲ್ಯಾಮಿನೇಷನ್. ಗ್ಲಾಸಿ ಹಾಕಿದರೆ ಟ್ಯೂಬ್‌ಲೈಟ್ ಹೊಳೆದು ಕಾರ್ಡಿನ ಬದಲು ಕ್ಲೈಂಟ್‌ಗೆ ಅವರ ಮುಖವೇ ಕಾಣುತ್ತದೆ. ಪ್ರಯಾಣಿಕರ ಮುಖ ಖಾಲಿ ಬಿಟ್ಟಿದೆ, ಹೆಸರು ಮತ್ತು ಡೈಲಾಗು ಕ್ಲೈಂಟೇ ಬರೆಯಬೇಕು. ಮ್ಯಾಟ್ ಮೇಲೆ ಬೋರ್ಡ್ ಮಾರ್ಕರ್ ಒರೆಸಿದರೂ ಕಲೆ ಉಳಿಯುತ್ತದೆ, ಹಾಗಾಗಿ ಪ್ರತಿ ಕ್ಲೈಂಟಿಗೂ ಹೊಸ ಸೆಟ್ಟು, ಬರೆಯಲು ಪರ್ಮನೆಂಟ್ ಮಾರ್ಕರ್, ಕಾರ್ಡು ಅವರ ಜೊತೆಗೇ ಮನೆಗೆ.